ಸಾಯುವುದರಲ್ಲಿ ಎತ್ತಿದ ಕೈ

ನಮ್ಮ ಸೋದರಮಾವ ಇದುವರೆಗೆ ಇಪ್ಪತ್ತಮೂರು ಸಲ ಸತ್ತಿದ್ದಾರೆ. ಗಾಬರಿಯಾಗಬೇಡಿ, ಚೆನ್ನಾಗಿಯೇ ಇದ್ದಾರೆ! ಇವತ್ತು ಬೆಳಿಗ್ಗೆ ಕೂಡ ಫೋನ್ ಮಾಡಿ, ಮಲ್ಲೇಶ್ವರದ ಮಾರ್ಕೆಟ್ಟಿಗೆ ಎಳೇ ಹೀರೇಕಾಯಿ ಬಂದಿದೆಯಾ ಅಂತ ವಿಚಾರಿಸಿದರು. ವಿಷಯ ಏನೆಂದರೆ, ಸಾಯುವುದು ಅವರ ಕಸುಬು. ಆ ಕಸುಬಿನಲ್ಲಿ ಇಡೀ ಬೆಂಗಳೂರಿನಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಅಂತ ಅವರೇ ಹೇಳಿಕೊಳ್ಳುತ್ತಾರೆ. ಪೈಪೋಟಿಗೆ ಇನ್ನೂ ಯಾರೂ ಬಂದಿಲ್ಲವಾದ್ದರಿಂದ ನಾನೂ ಒಪ್ಪಿಕೊಂಡಿದ್ದೇನೆ.

ಮಾವ ಇರುವುದು ಚಾಮರಾಜಪೇಟೆಯಲ್ಲಿ. ನಿವೃತ್ತರಾಗುವವರೆಗೆ ಸರ್ಕಾರಿ ಕಚೇರಿಯೊಂದರ ಟಪ್ಪಾಲು ವಿಭಾಗದಲ್ಲಿದ್ದರು. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ಮೊಹರು ಒತ್ತುವುದು. ಸಂಜೆ ಹವ್ಯಾಸಿ ನಾಟಕ. ಅಲ್ಲಿ ಅವರಿಗೆ ಸಿಗುತ್ತಿದ್ದುದು ಓಡಿ ಬಂದು ಸುದ್ದಿ ಹೇಳಿ ಪ್ರಾಣ ಬಿಡುವ ದೂತನ ಪಾತ್ರ. ನಿವೃತ್ತಿಯ ಮಾರನೇ ತಿಂಗಳು ನಾಟಕದ ಗೆಳೆಯರೊಬ್ಬರು ಇವರನ್ನು ಗಾಂಧಿನಗರದ ಒಂದು ಡಬ್ಬಿಂಗ್ ಸ್ಟುಡಿಯೋಗೆ ಕರೆದುಕೊಂಡು ಹೋದರು. ತೆರೆಯ ಮೇಲೆ ಯಾವುದೋ ದೇಶದವರು ಯಾವುದೋ ಭಾಷೆಯಲ್ಲಿ ಬಾಯಾಡಿಸುತ್ತಾರೆ, ಮಂದ ಬೆಳಕಿನ ಕೋಣೆಯಲ್ಲಿ ನಿಂತು ಇವರು ಆ ಬಾಯಿಗೆ ಕನ್ನಡ ತುಂಬಬೇಕು. ಮೊದಲ ದಿನ ಕೊಟ್ಟದ್ದು ಬಾಣ ತಗುಲಿದ ಸೈನಿಕನ ಒಂದು ‘ಅಮ್ಮಾ’. ಸೈನಿಕ ಸತ್ತು, ಕುದುರೆಗಳೂ ಅವನನ್ನು ದಾಟಿ ಹೋಗಿ, ಮುಂದಿನ ದೃಶ್ಯದಲ್ಲಿ ಮದುವೆ ಶುರುವಾದರೂ ನಮ್ಮ ಮಾವನ ‘ಅಮ್ಮಾ’ ಮುಗಿದಿರಲಿಲ್ಲವಂತೆ! ಡಬ್ಬಿಂಗ್ ಡೈರೆಕ್ಟರ್ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದವರು, ಆಮೇಲೆ ಏನನ್ನಿಸಿತೋ, “ಸಾರ್, ರಾಜನಿಗೆ ಮಾಡ್ತೀರಾ?” ಅಂತ ಕೇಳಿದರು.

ಹಾಗೆ ಶುರುವಾಯಿತು ನಮ್ಮ ಮಾವನ ರಾಜಯೋಗ. ಅದೊಂದು ಪರದೇಶದ ಕಟ್ಟುಕಥೆ, ಭಾಗ ಭಾಗವಾಗಿ, ಭಾಗಕ್ಕಿಷ್ಟು ಕಂತು ಅಂತ ಬರುವಂಥದ್ದು. ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ, ಮಾವನ ನಾಲಗೆಗೂ ಹೊರಳದ್ದರಿಂದ ಅವರು ಅದನ್ನು ‘ನಮ್ಮ ಪುರಾಣ’ ಅಂತ ಕರೆಯುತ್ತಾರೆ. ಒಂಬತ್ತು ದ್ವೀಪ, ಮಾತಾಡುವ ಮಂಜು, ರೆಕ್ಕೆ ಇರುವ ಕೋಣ, ಉಪ್ಪುಗಲ್ಲಿನಲ್ಲಿ ಕಡೆದ ಒಂದು ಸಿಂಹಾಸನ. ಆ ಸಿಂಹಾಸನದ ಮೇಲೆ ಕೂತವನು ಐದಾರು ಕಂತಿಗಿಂತ ಜಾಸ್ತಿ ಬದುಕಿದ ಉದಾಹರಣೆ ಇಲ್ಲ. ಗೊತ್ತಿದ್ದೂ ಜನ ನಾನು ತಾನು ಅಂತ ಬಂದು ಕೂರುತ್ತಾರೆ, ಏನು ಹೇಳೋಣ! ಮೊದಲ ರಾಜನಿಗೆ ಮಾವ ಎಷ್ಟು ಸೊಗಸಾಗಿ ಸತ್ತರೆಂದರೆ, ಎರಡನೆಯವನಿಗೂ ಅವರನ್ನೇ ಕರೆದರು. ಮೂರನೆಯವನಿಗೂ ಅವರೇ. ರಾಜರಿಗೆಲ್ಲಾ ಎದೆಯವರೆಗೆ ಗಡ್ಡ ಇದ್ದದ್ದರಿಂದ ದನಿ ಒಂದೇ ಅನ್ನುವುದನ್ನು ಯಾರೂ ಕಂಡುಹಿಡಿಯಲಿಲ್ಲ.

ಮೊದಲ ರಾಜ ಸತ್ತದ್ದು ಉಂಗುರ ನುಂಗಿ. ರಾಜಮುದ್ರೆಯ ಉಂಗುರ ತಮ್ಮನ ಕೈಗೆ ಸಿಗಬಾರದು ಅಂತ ನುಂಗಿಬಿಟ್ಟ, ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಮಾವ ಯಾವ ಕೆಲಸವನ್ನೂ ಅರೆಬರೆ ಮಾಡುವವರಲ್ಲ. ಗಂಟಲಲ್ಲಿ ನಿಜವಾಗಿ ಏನಾದರೂ ಇದ್ದರೆ ತಾನೇ ದನಿ ಸರಿಯಾಗಿ ಕಟ್ಟುವುದು? ಉಂಗುರದ ಆಕಾರದ್ದು, ನುಂಗಿದರೂ ಪ್ರಾಣಕ್ಕೆ ಅಪಾಯವಿಲ್ಲದ್ದು ಮನೆಯಲ್ಲಿ ಯಾವುದಿದೆ ಅಂತ ಹುಡುಕಿದರು. ಅತ್ತೆಯ ಕೊಡುಬಳೆ ಡಬ್ಬ ಸಿಕ್ಕಿತು! ಬಾಯಲ್ಲಿ ಕೊಡುಬಳೆ ಇಟ್ಟುಕೊಂಡು ಮೈಕಿನ ಮುಂದೆ ನಿಂತರು. ಸ್ವಲ್ಪ ಹೊತ್ತಿಗೆ ಗಾಜಿನ ಆಚೆಯಿಂದ ಸೌಂಡ್ ಎಂಜಿನಿಯರ್ ವಿನಯದಿಂದ ಹೇಳಿದರಂತೆ: “ಸಾರ್, ರಾಜ ಸಾಯ್ತಿರೋ ಥರ ಇಲ್ಲ, ಕಾಫಿ ಜೊತೆ ತಿಂಡಿ ತಿಂತಿರೋ ಥರ ಇದೆ.”

ಇನ್ನೊಬ್ಬ ರಾಜ ಮುಪ್ಪು ಬರಬಾರದೆಂದು ದಿನಾ ಜೇನುತುಪ್ಪದ ತೊಟ್ಟಿಯಲ್ಲಿ ಸ್ನಾನ ಮಾಡುತ್ತಿದ್ದವನು, ಒಂದು ದಿನ ಕಾಲು ಜಾರಿ ಅದರಲ್ಲೇ ಮುಳುಗಿದ. ಇದಕ್ಕೆ ಮಾವ ಸ್ಟೀಲ್ ಡಬ್ಬಿಯಲ್ಲಿ ಸಬ್ಬಕ್ಕಿ ಪಾಯಸ ತೆಗೆದುಕೊಂಡು ಹೋದರು. ಅದನ್ನು ಗಂಟಲಲ್ಲಿ ಗಳಗಳ ಅನ್ನಿಸುತ್ತಾ ಡೈಲಾಗ್ ಹೇಳಲು ಹೋಗಿ ನೆತ್ತಿಗೆ ಹತ್ತಿತು. ಕಣ್ಣು ಕೆಂಪಾಗಿ, ಮೂಗಿನಲ್ಲಿ ಪಾಯಸ ಬಂದು, ಇವರು ಒದ್ದಾಡುತ್ತಿದ್ದರೆ ಡೈರೆಕ್ಟರ್ ಎರಡೂ ಕೈ ಎತ್ತಿ, “ಸೂಪರ್ ಸಾರ್, ಹಂಗೇ ಹಂಗೇ!” ಅನ್ನುತ್ತಿದ್ದರಂತೆ. ಮತ್ತೊಬ್ಬ ರಾಜ ರೆಕ್ಕೆಯ ಕೋಣದ ಬೆನ್ನಿನಿಂದ ಜಾರಿ ಆಕಾಶದಿಂದ ಬಿದ್ದ. ನಾಲ್ಕು ನಿಮಿಷ ಬಿದ್ದ! ಬೀಳುತ್ತಾ ಮಂತ್ರಿಗೆ ರಾಜ್ಯಭಾರದ ಬಗ್ಗೆ ಸಲಹೆ ಬೇರೆ ಕೊಟ್ಟ. ದನಿ ನಡುಗುವ ಬಗೆ ತಿಳಿಯಲೆಂದು ಮಾವ ಆಟೋ ಹತ್ತಿ, ರಸ್ತೆಯುಬ್ಬು ಬಂದಾಗಲೆಲ್ಲಾ ರಾಜನ ಮಾತು ಹೇಳಿ ನೋಡಿದರು. ಮೂರನೇ ಉಬ್ಬಿಗೆ ಆಟೋದವರು ಗಾಡಿ ಪಕ್ಕಕ್ಕೆ ಹಾಕಿ ಕೈ ಮುಗಿದರು. “ಯಜಮಾನ್ರೇ, ಆಸ್ಪತ್ರೆಗೆ ಬೇಕಾದ್ರೆ ಈಗ್ಲೇ ಬಿಡ್ತೀನಿ. ನನ್ ಗಾಡೀಲಿ ಮಾತ್ರ ಏನೂ ಮಾಡ್ಕೋಬೇಡಿ.”

ಇಷ್ಟೆಲ್ಲಾ ಮಾವನ ಕಥೆಯಾಯಿತು. ಇನ್ನು ಅತ್ತೆಯ ಪಾಡು ಕೇಳಿ. ಗಂಡ ಆಫೀಸಿಗೆ ಹೋಗಿ ದಣಿದು ಬರುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಸತ್ತು ಬರುವುದು ಎಷ್ಟು ಮನೆಯಲ್ಲಿದೆ? ಅತ್ತೆ ಇದಕ್ಕೊಂದು ವ್ಯವಸ್ಥೆ ಮಾಡಿದರು. ಡಬ್ಬಿಂಗ್ ಇದ್ದ ದಿನ ಮಾವ ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ಹಿಂದಿನ ಗಲ್ಲಿಯಿಂದ ಹಿತ್ತಲಿಗೆ ಬಂದು, ನಲ್ಲಿಯ ಹತ್ತಿರ ನಿಂತು, ತಲೆಗೆ ಎರಡು ಚೊಂಬು ನೀರು ಹುಯ್ದುಕೊಂಡೇ ಒಳಗೆ ಕಾಲಿಡಬೇಕು.

“ಇವತ್ತು ಏನಾಯ್ತು?” ಅಂತ ಅತ್ತೆ ಅಡುಗೆಮನೆ ಕಿಟಕಿಯಿಂದ ಕೇಳುತ್ತಿದ್ದರು.

“ಬರೀ ಪಟ್ಟಾಭಿಷೇಕ ಕಣೇ.”

“ಹಂಗಾದ್ರೆ ಮುಂದಿನ ಬಾಗ್ಲಲ್ಲಿ ಬನ್ನಿ.”

“ಪಟ್ಟಾಭಿಷೇಕದಲ್ಲೇ ಕಿರೀಟದ ಭಾರಕ್ಕೆ ಕತ್ತು ಮುರೀತು.”

“ಅಲ್ಲೇ ನಿಂತ್ಕೊಳ್ಳಿ, ಬಂದೆ!”

ಮಾವ ಪ್ರತಿಭಟಿಸಿದ್ದುಂಟು. ಸತ್ತಿದ್ದು ರಾಜ, ತಾನಲ್ಲ, ರಾಜನೂ ನಿಜವಾದ ರಾಜ ಅಲ್ಲ ಅಂತೆಲ್ಲಾ ವಾದ ಹೂಡಿದರು. ಅತ್ತೆ ಒಂದೇ ಮಾತು ಅಂದರು: “ಸ್ಮಶಾನಕ್ಕೆ ಹೋಗಿ ಬಂದೋರೇ ಸ್ನಾನ ಮಾಡ್ತಾರೆ. ನೀವು ಸತ್ತೇ ಬಂದಿದೀರ!” ಮಾವ ಚೊಂಬು ಎತ್ತಿಕೊಂಡರು. ಆದರೆ ಟೇಕುಗಳ ಪ್ರಶ್ನೆ ಬಂತು. ಒಂದು ದಿನ ಒಬ್ಬ ರಾಜ ಸರಿಯಾಗಿ ಸಾಯದೆ ಏಳು ಟೇಕ್ ತೆಗೆದುಕೊಂಡ. ಏಳು ಸಾವು, ಹಾಗಾದರೆ ಹದಿನಾಲ್ಕು ಚೊಂಬು ಅಂತ ಅತ್ತೆ. ಒಂದೇ ಸಾವು, ಎರಡೇ ಚೊಂಬು ಅಂತ ಮಾವ. ಕೊನೆಗೆ ಮನೆಗೆ ಬರುವ ಶಾಸ್ತ್ರಿಗಳಿಗೆ ಫೋನ್ ಹೋಯಿತು. ಶಾಸ್ತ್ರಿಗಳು ಸಮಾಧಾನವಾಗಿ ಎಲ್ಲಾ ಕೇಳಿಸಿಕೊಂಡು, “ನೋಡಿಮ್ಮಾ, ಆತ್ಮ ಒಂದೇ. ಟೇಕ್ ಎಷ್ಟಾದ್ರೇನು?” ಅಂತ ತೀರ್ಪು ಕೊಟ್ಟರು. ಆಮೇಲೆ ಸ್ವಲ್ಪ ತಡೆದು, ಆ ಜೇನುತುಪ್ಪದ ರಾಜನ ಮಗ ಮುಂದೇನು ಮಾಡಿದ ಅಂತ ವಿಚಾರಿಸಿದರು. ಅವರೂ ನೋಡುತ್ತಿದ್ದರು!

ಮಾವ ಒಂದು ತಪ್ಪನ್ನೂ ಮಾಡಿದ್ದಾರೆ. ಅದರ ಪರಿಣಾಮವನ್ನು ಕರ್ನಾಟಕ ಇನ್ನೂ ಅನುಭವಿಸುತ್ತಿದೆ. ಹೊರಗೆ ಹೊರಟವರು ‘ಹೋಗ್ತೀನಿ’ ಅನ್ನಬಾರದು, ‘ಹೋಗ್ಬರ್ತೀನಿ’ ಅನ್ನಬೇಕು ಅಂತ ನಮ್ಮೆಲ್ಲರ ಮನೆಯಲ್ಲೂ ಹೇಳಿಕೊಟ್ಟೇ ಬೆಳೆಸಿರುತ್ತಾರೆ ತಾನೇ? ಅತ್ತೆಯ ಮನೆಯಲ್ಲಿ ಇದು ಇನ್ನೂ ಕಟ್ಟುನಿಟ್ಟು. ಬಾಯಿತಪ್ಪಿ ‘ಹೋಗ್ತೀನಿ’ ಅಂದವರನ್ನು ಗೇಟಿನಿಂದ ವಾಪಸ್ ಕರೆದು, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಾರೆ. ನಲವತ್ತು ವರ್ಷ ಈ ತರಬೇತಿಯಲ್ಲಿ ಪಳಗಿದ ಮಾವನಿಗೆ ಒಬ್ಬ ರಾಜ ಸಿಕ್ಕಿದ. ಎದೆಯಲ್ಲಿ ಈಟಿ, ಮಗಳ ತೊಡೆಯ ಮೇಲೆ ತಲೆ. ಕಾಗದದಲ್ಲಿ ಬರೆದಿದ್ದ ಮಾತು, ‘ನಾನು ಹೋಗುತ್ತೇನೆ, ಮಗಳೇ.’ ಮಾವ ಅಂದರು, “ಹೋಗ್ಬರ್ತೀನಿ, ಮಗಳೇ.”

“ಸಾರ್, ಹೋಗ್ತೀನಿ ಅನ್ಬೇಕು” ಅಂದರು ಡೈರೆಕ್ಟರ್.

ಮಾವ ಇನ್ನೊಂದು ಸಲ ಪ್ರಯತ್ನಿಸಿದರು. ಹೋಗ್ ಅನ್ನುವಷ್ಟರಲ್ಲಿ ಬರ್ತೀನಿ ತಾನಾಗಿ ಅಂಟಿಕೊಂಡು ಬಂತು. ಐದು ಸಲವೂ ಹಾಗೇ.

“ಸಾರ್, ಎದೇಲಿ ಈಟಿ ಇದೆ. ಬೆನ್ನಿಂದ ಆಚೆ ಬಂದಿದೆ. ಎಲ್ಲಿಂದ ವಾಪಸ್ ಬರ್ತಾನೆ ಅವ್ನು?”

“ಬರೋದು ಬಿಡೋದು ಅವನ ಹಣೆಬರಹ. ಹೆಣ್ಮಗಳ ಹತ್ರ ಹೇಳೋದು ಮಾತ್ರ ಹಂಗೇ ಹೇಳ್ಬೇಕಪ್ಪಾ.”

ಸ್ಟುಡಿಯೋ ಬಿಡುವ ಹೊತ್ತಾಗಿತ್ತು. ಅದನ್ನೇ ಇಟ್ಟುಕೊಂಡರು. ಒಂದು ತಿಂಗಳಾದ ಮೇಲೆ ಸಂಪಿಗೆ ರಸ್ತೆಯಲ್ಲಿ ದೋಸೆಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು. “ಮಚ್ಚಾ, ಇಂಗ್ಲಿಷಲ್ಲಿ ಗೊತ್ತೇ ಆಗಲ್ಲ ಕಣೇ. ಕನ್ನಡದಲ್ಲಿ ನೋಡು, ಕ್ಲಿಯರಾಗಿ ಹೋಗ್ಬರ್ತೀನಿ ಅಂತಾನೆ. ಸತ್ತಿಲ್ಲ ಗುರು ಅವ್ನು. ವಾಪಸ್ ಬರ್ತಾನೆ, ಬೆಟ್!” ಅಂತ ಒಬ್ಬಳು. “ಡಬ್ಬಿಂಗ್‌ನವರಿಗೆ ಮುಂಚೇನೇ ಸ್ಟೋರಿ ಗೊತ್ತಿರುತ್ತೆ” ಅಂತ ಇನ್ನೊಬ್ಬಳು. ಎರಡು ಭಾಗ ಕಳೆಯಿತು, ಮೂರು ಭಾಗ ಕಳೆಯಿತು, ರಾಜ ಬರಲಿಲ್ಲ. ಕನ್ನಡದಲ್ಲಿ ನೋಡಿದವರಲ್ಲಿ ಕೆಲವರು ಈಗಲೂ ಕಾಯುತ್ತಿದ್ದಾರೆ. ಅವರ ಭಾವನೆಗಳ ಜೊತೆ ಆಟವಾಡಿದ್ದಕ್ಕೆ ನಮ್ಮ ಕುಟುಂಬದ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಕಡೆಯ ಭಾಗಕ್ಕೆ ಬರುವಷ್ಟರಲ್ಲಿ ಸಿಂಹಾಸನಕ್ಕೆ ಒಬ್ಬ ಮುದುಕ ರಾಜ ಬಂದ. ಅಚ್ಚರಿಯೆಂದರೆ ಇವನು ಸಾಯಲಿಲ್ಲ! ಕಂತಿನ ಮೇಲೆ ಕಂತು ಕಳೆದರೂ ಗಟ್ಟಿಮುಟ್ಟಾಗಿ ರಾಜ್ಯ ಆಳಿದ. ಸುಂಕ ಇಳಿಸಿದ, ಸೇತುವೆ ಕಟ್ಟಿಸಿದ, ಹೆಂಡತಿಯ ಜೊತೆ ತೋಟದಲ್ಲಿ ಓಡಾಡಿದ. ಮಾವ ತಿಂಗಳುಗಟ್ಟಲೆ ಮುಂಬಾಗಿಲಿನಿಂದಲೇ ಮನೆಗೆ ಬಂದರು. ಅತ್ತೆ ಆ ರಾಜನನ್ನು ಹೆಸರು ಹಿಡಿದು ಕರೆಯದೆ ‘ಒಳ್ಳೆಯವರು’ ಅಂತ ಬಹುವಚನದಲ್ಲಿ ಕರೆಯತೊಡಗಿದರು. ಇನ್ನೊಂದೇ ಕಂತು ಬಾಕಿ ಇತ್ತು.

ಆಗ ಮಾವನಿಗೆ ಎದೆನೋವು ಬಂತು.

ಒಂದು ಬೆಳಿಗ್ಗೆ ವರಾಂಡದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರಂತೆ. ಇಷ್ಟು ರಾಜರನ್ನು ಕೂಗಿ ಕಿರುಚಿ ಸಾಯಿಸಿದ ಮನುಷ್ಯ ತನಗೆ ಬಂದಾಗ ಒಂದು ಸದ್ದೂ ಮಾಡಲಿಲ್ಲ. ಕಾಫಿ ಹಾಗೇ ತಣ್ಣಗಾಗುತ್ತಿರುವುದನ್ನು ಕಂಡು ಅತ್ತೆಗೆ ಅನುಮಾನ ಬಂತು. ಕಾಫಿ ಆರಲು ಬಿಡುವ ಮನುಷ್ಯ ಅವರಲ್ಲ. ಹತ್ತಿರ ಹೋಗಿ ನೋಡಿದರೆ ಹಣೆಯಲ್ಲಿ ಬೆವರು, ಬಾಯಲ್ಲಿ ಮಾತಿಲ್ಲ. ಅತ್ತೆ ಬೀದಿಗೆ ಓಡಿ ಬಂದು ಕೂಗಿದರು. ಎದುರು ಮನೆಯವರು ಕಿಟಕಿಯಿಂದ ತಲೆ ಹಾಕಿ, “ಇವತ್ತು ಯಾವ ರಾಜ ಆಂಟೀ?” ಅಂತ ನಗುತ್ತಾ ಕೇಳಿದರು. ಅತ್ತೆಯ ಮುಖ ನೋಡಿ ನಗು ನಿಲ್ಲಿಸಿ, ಕಾರಿನ ಕೀ ತೆಗೆದುಕೊಂಡು ಓಡಿ ಬಂದರು. ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಸೇರಿದರು, ಒಂದು ಸ್ಟೆಂಟ್ ಹಾಕಿದರು, ಮಾವ ಉಳಿದರು.

ಬಿಡುಗಡೆಯ ದಿನ ಡಾಕ್ಟರು ಪಟ್ಟಿ ಓದಿದರು. ಉಪ್ಪು ಕಮ್ಮಿ, ನಡಿಗೆ ನಿಧಾನ, ಕೂಗಾಡುವಂತಿಲ್ಲ, ಉಸಿರು ಬಿಗಿ ಹಿಡಿಯುವಂತಿಲ್ಲ.

“ಡಾಕ್ಟ್ರೇ, ಸಾಯಬಹುದಾ?” ಅಂತ ಮಾವ.

“ನನ್ನ ಕೈಲಿ ಇರೋತನಕ ಬೇಡ ಸಾರ್.”

ನಾನು ನಕ್ಕೆ. ಅತ್ತೆ ನಗಲಿಲ್ಲ. ಅವರ ಎರಡು ಚೊಂಬು ನೀರನ್ನು ನಾನು ಅಷ್ಟು ವರ್ಷ ಮಡಿ ಅಂದುಕೊಂಡು ಆಡಿಕೊಂಡಿದ್ದೆ. ಅದು ಮಡಿಯಲ್ಲ, ಭಯ. ಹೊರಗೆ ಎಷ್ಟು ಸಲ ಸತ್ತರೂ ಅದು ಹಿತ್ತಲಿನಲ್ಲೇ ತೊಳೆದು ಹೋಗಲಿ, ಒಳಗೆ ಬರುವುದು ಬೇಡ ಅಂತ. ನನಗೆ ನಾಚಿಕೆಯಾಯಿತು.

ಎರಡು ತಿಂಗಳಾದ ಮೇಲೆ ಡೈರೆಕ್ಟರ್ ಫೋನ್ ಮಾಡಿದರು. ಕೊನೆಯ ಕಂತಿನಲ್ಲಿ ಆ ಮುದುಕ ರಾಜನೂ ಸಾಯುತ್ತಾನೆ. ಹೇಗೆ ಅಂತ ಮಾವ ಕೇಳಿದರು. “ನಿದ್ದೇಲಿ ಸಾರ್. ಹಾಸಿಗೆ ಮೇಲೆ, ಪಕ್ಕದಲ್ಲಿ ರಾಣಿ ಕೂತಿರ್ತಾಳೆ. ಮಾತೇ ಇಲ್ಲ, ಎರಡು ನಿಮಿಷ ಬರೀ ಉಸಿರು. ನೀವು ಬರೋದೇನೂ ಬೇಡ, ಒರಿಜಿನಲ್‌ನಲ್ಲಿರೋ ಉಸಿರನ್ನೇ ಹಾಕ್ಕೋತೀವಿ. ಹೇಳ್ಬೇಕು ಅನ್ನಿಸ್ತು ಅಷ್ಟೇ.”

ಮಾವ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಆಮೇಲೆ, “ಬೇರೆಯವರ ಉಸಿರಲ್ಲಿ ಅವನನ್ನ ಕಳಿಸ್ಬೇಡಪ್ಪಾ. ನಾನೇ ಬರ್ತೀನಿ” ಅಂದರು. ಅಷ್ಟು ರಾಜರಲ್ಲಿ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸತ್ತವನು ಇವನೊಬ್ಬನೇ. ಉಂಗುರ, ಈಟಿ, ಜೇನುತುಪ್ಪ ಎಲ್ಲಾ ಮಾಡಿದ್ದಾಯಿತು, ಈ ಒಂದು ಸಾವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಅತ್ತೆ ಸುತರಾಂ ಒಪ್ಪಲಿಲ್ಲ. ಮೂರು ದಿನ ಮನೆಯಲ್ಲಿ ಮಾತಿಲ್ಲ. ಮಾವ ಡಾಕ್ಟರ ಹತ್ತಿರ ಹೋಗಿ, ಮೆಲ್ಲಗೆ ಉಸಿರಾಡಲು ಅಡ್ಡಿಯಿಲ್ಲ ಅಂತ ಬರೆಸಿಕೊಂಡು ಬಂದರು! ಟಪ್ಪಾಲು ವಿಭಾಗದ ಬುದ್ಧಿ ಎಲ್ಲಿ ಹೋಗುತ್ತದೆ? ಅತ್ತೆ ಆ ಚೀಟಿಯನ್ನು ಎರಡು ಸಲ ಓದಿ ಮಡಚಿಟ್ಟು, “ಹಂಗಾದ್ರೆ ನಾನೂ ಬರ್ತೀನಿ” ಅಂದರು. ಅಷ್ಟು ವರ್ಷದಲ್ಲಿ ಅವರು ಒಂದು ಸಲವೂ ಆ ಸ್ಟುಡಿಯೋ ಮೆಟ್ಟಿಲು ತುಳಿದವರಲ್ಲ.

ಅಭ್ಯಾಸ ಮಧ್ಯಾಹ್ನ ಊಟದ ಮೇಲೆ ನಡೆಯುತ್ತಿತ್ತು. ಮಾವ ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ರಾಜನ ಹಾಗೆ ಉಸಿರಾಡಲು ಶುರು ಮಾಡುತ್ತಿದ್ದರು. ಐದೇ ನಿಮಿಷಕ್ಕೆ ಗೊರಕೆ! ನಾನು ಹೋದ ದಿನವೂ ಹಾಗೇ ಆಯಿತು. ಅತ್ತೆ ಒಗೆದ ಬಟ್ಟೆ ಮಡಿಚುವ ನೆಪದಲ್ಲಿ ಬಾಗಿಲಲ್ಲೇ ನಿಂತು, ಮಾವನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದರು. ಒಂದೇ ಪಂಚೆಯನ್ನು ನಾಲ್ಕು ಸಲ ಮಡಿಚಿದರು.

ಆ ದಿನ ನಾನೇ ಇಬ್ಬರನ್ನೂ ಗಾಂಧಿನಗರಕ್ಕೆ ಕರೆದುಕೊಂಡು ಹೋದೆ. ಎರಡನೇ ಮಹಡಿಯಲ್ಲಿ ಗೋಡೆಗೆಲ್ಲಾ ಸ್ಪಂಜು ಹೊಡೆದ ಪುಟ್ಟ ಕೋಣೆ. ನಿಂತು ಮಾಡುವುದು ಬೇಡ ಅಂತ ಮಾವನಿಗೆ ಕುರ್ಚಿ ಹಾಕಿದ್ದರು. ಅತ್ತೆ ನನ್ನ ಜೊತೆ ಗಾಜಿನ ಈಚೆ ಕೂರಲು ಒಪ್ಪದೆ, ಮಾವನ ಪಕ್ಕದಲ್ಲೇ ಒಂದು ಸ್ಟೂಲ್ ಹಾಕಿಸಿಕೊಂಡರು. ಸೌಂಡ್ ಎಂಜಿನಿಯರ್ ಸಂಕೋಚದಿಂದ, “ಅಮ್ಮಾ, ಆ ಬಳೆ ಸ್ವಲ್ಪ ತೆಗೆದಿಡ್ತೀರಾ? ಸೌಂಡ್ ಬರುತ್ತೆ” ಅಂದರು. ಕೇಳಬಾರದ್ದನ್ನು ಕೇಳಿದೆ ಅಂತ ಅವರಿಗೂ ಮರುಕ್ಷಣವೇ ಗೊತ್ತಾಯಿತು. ಗಂಡ ಸಾಯುವ ದೃಶ್ಯ, ಹೆಂಡತಿಗೆ ಬಳೆ ತೆಗೆ ಅನ್ನುವುದೇ! ಅತ್ತೆ ಎರಡೂ ಕೈಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ತೊಡೆಯ ಮೇಲಿಟ್ಟುಕೊಂಡು, “ಸದ್ದು ಮಾಡಲ್ಲ. ಶುರು ಮಾಡಿ” ಅಂದರು.

ತೆರೆಯ ಮೇಲೆ ಮುದುಕ ರಾಜ ಮಲಗಿದ್ದ. ಮಾವ ಕಣ್ಣರ್ಧ ಮುಚ್ಚಿ ಅವನ ಎದೆಯನ್ನೇ ನೋಡುತ್ತಾ ಉಸಿರು ಕೊಟ್ಟರು. ಎಷ್ಟು ಮೆಲ್ಲಗೆ! ಈ ಮನುಷ್ಯನಿಗೆ ಇಷ್ಟು ಮೆಲ್ಲಗೆ ಸಾಯಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ಉಸಿರು, ಸ್ವಲ್ಪ ಬಿಡುವು. ಇನ್ನೊಂದು, ಇನ್ನೂ ಸ್ವಲ್ಪ ಬಿಡುವು. ಆಮೇಲೆ ಒಂದು ಉದ್ದನೆಯ ಉಸಿರು ಹೊರಗೆ ಹೋಯಿತು, ಮತ್ತೆ ಒಳಗೆ ಬರಲಿಲ್ಲ. ಮಾವನ ಗದ್ದ ಎದೆಗೆ ತಾಗಿತು. ಕೈ ಕುರ್ಚಿಯ ಪಕ್ಕಕ್ಕೆ ಜಾರಿತು. ತೆರೆಯ ಮೇಲೆ ರಾಣಿ ಅಲ್ಲಾಡದೆ ಕೂತಿದ್ದಳು. ನಾವು ಗಾಜಿನ ಈಚೆ ಯಾರೂ ಮಿಸುಕಲಿಲ್ಲ. ನಟನೆ ಅಂತ ನನಗೆ ಗೊತ್ತು, ಆದರೂ ಅವರ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದೆ. ಗುಂಡಿ ಏಳಲಿಲ್ಲ.

“ರೀ!”

ಸೆರಗು ಬಿಚ್ಚಿಹೋಗಿ ಬಳೆಗಳೆಲ್ಲಾ ಝಲ್ಲೆಂದವು. ಅತ್ತೆ ಮಾವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. “ರೀ... ರೀ, ಇಲ್ನೋಡಿ. ರೀ!”

ಮಾವ ಕಣ್ಣು ತೆರೆದರು. “ಇದೀನಿ ಕಣೇ” ಅಂದರು. “ಇಲ್ಲೇ ಇದೀನಿ.”

ಅತ್ತೆ ಅವರ ತೋಳಿಗೆ ಒಂದು ಹೊಡೆದು, ಅಷ್ಟು ಜನರ ಮುಂದೆ ಜೋರಾಗಿ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಎಂಜಿನಿಯರ್ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದರು. ಬಹಳ ಹೊತ್ತಾದ ಮೇಲೆ ಡೈರೆಕ್ಟರ್ ಒಳಗೆ ಹೋಗಿ, ಮೊಣಕಾಲೂರಿ ಅತ್ತೆಯ ಮುಂದೆ ಕೂತರು.

“ಅಮ್ಮಾ, ಒರಿಜಿನಲ್‌ನಲ್ಲಿ ರಾಣಿ ಏನೂ ಮಾತಾಡಲ್ಲ. ಆದ್ರೆ ಆಮೇಲೆ ಅವಳ ಮುಖ ಕಾಣ್ಸಲ್ಲ, ಬೆನ್ನು ಮಾತ್ರ ಕಾಣ್ಸುತ್ತೆ. ನೀವು ಕೂಗಿದ್ರಲ್ಲ, ಅದನ್ನ ಅಲ್ಲಿ ಹಾಕ್ಕೊಳ್ಳಲಾ? ಬಳೆ ಸದ್ದಿನ ಸಮೇತ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದರು.

“ಹಾಕ್ಕೊಳ್ಳಿ. ಆದ್ರೆ ಆಮೇಲೆ ಇವ್ರು ‘ಇದೀನಿ’ ಅಂದ್ರಲ್ಲ, ಅದನ್ನೂ ಹಾಕ್ಬೇಕು.”

“ಅಮ್ಮಾ... ರಾಜ ಸತ್ತಿದಾನೆ.”

“ಗೊತ್ತು. ಆದ್ರೂ ಹಾಕಿ.”

ಡೈರೆಕ್ಟರ್ ಮಾವನ ಮುಖ ನೋಡಿದರು. “ಹಾಕಪ್ಪಾ” ಅಂದರು ಮಾವ. ಅತ್ತೆ ಹಿಡಿದಿದ್ದ ಭುಜವನ್ನು ಇನ್ನೂ ಬಿಟ್ಟಿರಲಿಲ್ಲ.